ಹಿತ್ತಲಿನ ಪಂಚನಾಮೆ

ಇವತ್ತು ಬೆಳಿಗ್ಗೆ ಹಿತ್ತಲಿನ ಪೇರಲ ಗಿಡದ ಬುಡದಲ್ಲಿ ಯಾರೋ ಬಂದು ಹೋದ ರುಜು ಬಿದ್ದಿತ್ತು. ಹೆಬ್ಬೆರಳಿನ ದಪ್ಪ, ಹಗ್ಗದಂತೆ ಹೊಸೆದದ್ದು, ತುದಿ ಚೂಪು. ಬಗ್ಗಿ ನೋಡುವ ಮೊದಲೇ ಆ ಕಮಟು ನಾತ ಮೂಗಿಗೆ ಬಡಿದು, ಪಕ್ಕದ ಮನೆಯ ಕಾಕು ನೆನಪಾದರು.

ದಾಂಡೇಲಿಯ ನಮ್ಮ ಓಣಿ ಮುಗಿದಲ್ಲಿ ಕಾಡು ಶುರು. ಯಾರು ಯಾರ ಹಿತ್ತಲಿಗೆ ನುಗ್ಗಿದ್ದೆಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ. ಧಾರವಾಡದ ಕಡೆಯಿಂದ ಮದುವೆಯಾಗಿ ಬಂದ ಕಾಕು ಆ ವ್ಯಾಜ್ಯದ ಏಕೈಕ ನ್ಯಾಯಾಧೀಶರು. ಯಾರ ಹಿತ್ತಲಲ್ಲಿ ಅಪರಿಚಿತ ಹಿಕ್ಕೆ ಕಂಡರೂ ಅವರಿಗೆ ಕರೆ ಹೋಗುತ್ತಿತ್ತು. ಸೆರಗು ಮೂಗಿಗೊತ್ತಿ, ಕಸಬರಿಗೆ ಕಡ್ಡಿಯಿಂದ ಬಿಡಿಸಿ, ಪಂಚನಾಮೆ ಮುಗಿಸುತ್ತಿದ್ದರು. ಕಡಲೆಯಂತೆ ಗುಂಡಗಿದ್ದರೆ ಮೊಲ. ಖರ್ಜೂರದಂತಿದ್ದರೆ ಮುಳ್ಳುಹಂದಿ. ಬರೀ ಹಣ್ಣಿನ ಬೀಜವಾದರೆ ಪುನುಗು ಬೆಕ್ಕು. "ನಮ್ಮಕಿಂತ ಛಲೋ ಉಂಡೈತಿ ನೋಡ್ರಿ" ಎಂದು ಷರಾ ಬೇರೆ.

ಒಂದಕ್ಕೆ ಮಾತ್ರ ಅವರು ಹೆಸರು ಹೇಳುತ್ತಿರಲಿಲ್ಲ...

ಬಹಳ ವರ್ಷಗಳ ಹಿಂದಿನ ಮಾತು, ನನ್ನಾಕೆಗೆ ತುಂಬಿದ ಬಸುರು. ಸಂಡಾಸು ಹಿತ್ತಲಿನ ಆ ತುದಿಗೆ, ಬೇಲಿಯ ಪಕ್ಕ. ನನಗೆ ಮಿಲ್ಲಿನಲ್ಲಿ ಮೊದಲ ಪಾಳಿ, ನಸುಕಿನಲ್ಲೇ ಹೊರಡಬೇಕು. ಕಾಕು ಸಾಕಿದ್ದ ಕರಿ ನಾಯಿ ಕಾಣೆಯಾಗಿತ್ತು. ಒಂದು ರವಿವಾರ ಬೆಳಿಗ್ಗೆ ಸಂಡಾಸಿನ ದಾರಿಯಲ್ಲೇ ಆ ಹೆಸರು ಹೇಳದ ಹಿಕ್ಕೆ ಬಿದ್ದಿತ್ತು. ಕಾಕು ಕಡ್ಡಿಯಿಂದ ಬಿಡಿಸಿದರು. ಒಳಗೆಲ್ಲ ಕರಿ ಕೂದಲು. ನಡುವೆ ಕೆಲವು ಬಿಳಿ ಎಳೆ... ಆ ನಾಯಿಯ ಬಾಲದ ತುದಿ ಬೆಳ್ಳಗಿತ್ತು.

ಷರಾ ಬರಲಿಲ್ಲ.

"ಚಿರತಿ ಏನ್ರಿ ಕಾಕು?" ಎಂದೆ.

"ಬಾಯಿ ಮುಚ್ಚ ತಮ್ಮಾ. ಹೆಸರ ಹಿಡದರ ಬರತೈತಿ."

"ಹೆಸರ ಹಿಡೀದಿದ್ರೂ ಬಂದೈತಲ್ರಿ!"

ಅವರು ನಗಲಿಲ್ಲ. ರಜೆ ಹಾಕಿ ಮನೆಯಲ್ಲಿರುತ್ತೇನೆ ಎಂದೆ.

"ರಜಾ ಹಾಕಿ ಏನ್ ಮಾಡ್ತಿ? ಅದು ಬಂದರ ಮೊದಲ ಓಡಾಂವ ನೀನ. ನಾ ನಿಂದರ್ತೇನಿ ಹೋಗು."

ಮರುದಿನದಿಂದ ನಸುಕಿಗೆ ನನ್ನಾಕೆ ಸಂಡಾಸಿನ ಒಳಗೆ, ಕಾಕು ಹೊರಗೆ. ಕಂದೀಲು ನೆಲಕ್ಕಿಟ್ಟು, ಹಳೆಯ ತಾಟಿಗೆ ಸೌಟು ಬಡಿಯುತ್ತ ಕಾವಲು. ಸೈಕಲ್ ಮೇಲೆ ಓಣಿ ದಾಟುವಾಗ ಆ ಸದ್ದು ಬೆನ್ನಿಗಿರುತ್ತಿತ್ತು. ಸದ್ದು ನಿಂತರೆ ನನ್ನ ಕಾಲು ಪೆಡಲಿನ ಮೇಲೆ ನಿಲ್ಲುತ್ತಿತ್ತು. ಮತ್ತೆ ಶುರುವಾದ ಮೇಲೆಯೇ ಉಸಿರು.

ಒಂದು ದಿನ ನಿಂತದ್ದು ಶುರುವಾಗಲೇ ಇಲ್ಲ...

ಸೈಕಲ್ ಅಲ್ಲೇ ಒಗೆದು ಓಡಿ ಬಂದೆ. ಕಾಕು ಸೌಟು ಎತ್ತಿದ ಕೈ ಎತ್ತಿದಂತೆಯೇ ನಿಂತಿದ್ದರು. ಕಣ್ಣು ಬೇಲಿಯ ಮೇಲೆ. ಬೇಲಿಯ ಹಿಂದೆ, ಕಂದೀಲಿನ ಬೆಳಕಿಗೆ ಎರಡು ಹಸಿರು ಕಿಡಿ.

ಒಳಗಿಂದ ನನ್ನಾಕೆ ಕೂಗಿದಳು: "ಕಾಕು, ಬಾರಿಸೂದು ಯಾಕ ಬಿಟ್ರಿ?"

"ಕೈ ಸೋತಾವ ತಂಗಿ. ನೀ ಆರಾಮ ಕುಂಡ್ರು." ಕಾಕು ಕಣ್ಣು ಕದಲಿಸದೆ ಮತ್ತೆ ಬಡಿಯತೊಡಗಿದರು. ಕಿಡಿಗಳು ಆರಿದವು. ಎಲೆ ಅಲ್ಲಾಡಿತು, ಅಷ್ಟೇ.

ಮಗಳು ಸುಸೂತ್ರವಾಗಿ ಹುಟ್ಟಿದ ಮೇಲೆ ಕಾಕು ತಾಟನ್ನು ಒಳಗಿಟ್ಟರು. ಅದರ ನಡುವೆ ತಗ್ಗು ಬಿದ್ದಿತ್ತು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಂಡಾಸು ಈಗ ಮನೆಯೊಳಗೇ ಇದೆ. ಹೆದರಲು ಕಾರಣವಿಲ್ಲ ಎಂದು ಮಗಳು ಫೋನಿನಲ್ಲಿ ಬುದ್ಧಿ ಹೇಳುತ್ತಾಳೆ. ಆದರೂ ಇವತ್ತು ಕಸಬರಿಗೆ ಕಡ್ಡಿ ಹಿಡಿದು ನಿಂತೆನೇ ಹೊರತು ಬಿಡಿಸಿ ನೋಡುವ ಧೈರ್ಯವಾಗಲಿಲ್ಲ. ಪಕ್ಕದ ಮನೆಯತ್ತ ತಿರುಗಿ, ಎಂದೂ ಬಾಯಿಗೆ ತಂದುಕೊಳ್ಳದಿದ್ದ ಕಾಕುವಿನ ಹೆಸರು ಹಿಡಿದು, ಮೆಲ್ಲಗೆ ಕರೆದೆ.

ಕಾದೆ... ಬರಲಿಲ್ಲ.

ಬೇಲಿಯಾಚೆ ಎಲೆ ಅಲ್ಲಾಡಿದಂತಾಯಿತು. ಒಳಗೆ ಬಂದು ಅಗಳಿ ಹಾಕಿಕೊಂಡೆ.