ಟೀವಿ ಹೇಳಿದ ಕಡಲೆಕಾಯಿ

ನನ್ನ ತಂದೆಯ ತಂದೆಗೆ, ಅಂದರೆ ನಮ್ಮ ಮುತ್ಯಾನಿಗೆ, ಕಮಲಾಪುರದಲ್ಲಿ ಎರಡು ಹೆಸರುಗಳಿವೆ. ಒಂದು ಮತದಾರರ ಚೀಟಿಯಲ್ಲಿದೆ. ಅದನ್ನು ಯಾರೂ ಬಳಸುವುದಿಲ್ಲ. ಇನ್ನೊಂದು ‘ಟೀವಿ ಕಡ್ಲಿ’. ಬಸ್ಸಿಳಿದು ನಮ್ಮ ಮನೆ ಎಲ್ಲಿ ಎಂದು ವಿಚಾರಿಸಿದರೆ, ಕೆಂಪು ಬಾಳೆಹಣ್ಣು ಮಾರುವವರು “ಯಾರ್ದು, ಟೀವಿ ಕಡ್ಲಿ ಮನೀನಾ?” ಎಂದು ಖಚಿತಪಡಿಸಿಕೊಂಡೇ ಕೈ ತೋರಿಸುತ್ತಾರೆ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಬೆಳೆದ ನಾನು ರಜೆಗೆ ಹೋದಾಗಲೆಲ್ಲ ಅಲ್ಲಿ ‘ಟೀವಿ ಕಡ್ಲಿ ಮೊಮ್ಮಗಳು’. ಚಿಕ್ಕವಳಿದ್ದಾಗ ಅದನ್ನು ಮನೆತನದ ಬಿರುದೆಂದು ತಿಳಿದು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೂ ಉಂಟು. ಅದು ಬಿರುದಲ್ಲ, ತೀರ್ಪು ಎಂದು ತಿಳಿಯಲು ಕೆಲವು ರಜೆಗಳು ಬೇಕಾದವು.

ಆ ತೀರ್ಪಿನ ಬೆನ್ನಿಗೆ ಈ ದೇಶದ ಟೀವಿ ಪ್ರಸಾರದ ಚರಿತ್ರೆಯ ಒಂದು ವಿಲಕ್ಷಣ ವರ್ಷವಿದೆ. ಎಪ್ಪತ್ತೈದರ ಆಗಸ್ಟ್. ಬೆಂಗಳೂರಿನವರೇ ತಮ್ಮೂರಿನಲ್ಲಿ ಟೀವಿ ಕಾಣದಿದ್ದ ಕಾಲ. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹವೊಂದರ ಮೂಲಕ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ನೇರವಾಗಿ ಆಕಾಶದಿಂದ ಟೀವಿ ಇಳಿಯಿತು. ರಾಜಧಾನಿಗಿಂತ ಮೊದಲು ನಮಗೆ ದಕ್ಕಿದ್ದು ಬಹುಶಃ ಅದೊಂದೇ, ಅದೂ ಎರವಲು. ಶಾಲೆಯ ಮಾಳಿಗೆಯ ಮೇಲೆ ಕೋಳಿಬಲೆಯಂಥ ತಂತಿಯ ದೊಡ್ಡ ಛತ್ರಿಯನ್ನು ಬೋರಲು ಬಿಡದೆ ಅಂಗಾತ ಇಟ್ಟರು. ಸಂಜೆಯಾದರೆ ಊರು ಶಾಲೆಯ ಅಂಗಳದಲ್ಲಿ. ಮುಂದೆ ಮಕ್ಕಳು, ಬದಿಗೆ ಹೆಂಗಸರು, ಹಿಂದೆ ಗಂಡಸರು. ಎಲ್ಲರಿಗಿಂತ ಹಿಂದೆ, ಆಗತಾನೇ ಮದುವೆಯಾಗಿ, ಲೋಕವೆಲ್ಲ ಹೊಸದಾಗಿ ಆರಂಭವಾಗುತ್ತಿದೆ ಎಂದು ನಂಬಿದ್ದ ನಮ್ಮ ಮುತ್ಯಾ.

ಮರು ವರ್ಷ, ಮುಂಗಾರಿಗೆ ಹೊಲ ಹಸನು ಮಾಡುವ ಹೊತ್ತು. ಒಂದು ಸಂಜೆ ಚಿತ್ರ ಕೆಟ್ಟು ಪರದೆಯ ತುಂಬ ಜೋಳದ ನುಚ್ಚು ಚೆಲ್ಲಿದಂತಾಯಿತು. ದನಿ ಮಾತ್ರ ಸ್ಪಷ್ಟವಾಗಿತ್ತು. ಮೈಸೂರು ಕಡೆಯ ಇಂಪಾದ ಗಂಡುದನಿ ಹೇಳಿತು: ಮುಂಗಾರಿನ ಮೊದಲ ಹದದಲ್ಲೇ ಕಡಲೆಕಾಯಿ ಬಿತ್ತಿ, ಹೆಚ್ಚು ಇಳುವರಿ ಪಡೆಯಿರಿ.

ಈ ವಾಕ್ಯದಲ್ಲಿ ತಪ್ಪೇನಿದೆ ಎಂದು ದಕ್ಷಿಣದ ಓದುಗರು ಹುಬ್ಬೇರಿಸಬಹುದು. ನೀವು ಕಡಲೆಕಾಯಿ ಎನ್ನುವುದನ್ನು ನಾವು ಶೇಂಗಾ ಎನ್ನುತ್ತೇವೆ. ನಮ್ಮಲ್ಲಿ ಕಡ್ಲಿಕಾಯಿ ಎಂದರೆ ಕಡಲೆ ಗಿಡದ ಹಸಿರು ಕಾಯಿ, ಹಿಟ್ಟಾದರೆ ಭಜಿಯಾಗುವ ಆ ಕಡಲೆ. ಅದು ಹಿಂಗಾರಿಯ ಬೆಳೆ. ಅದಕ್ಕೆ ಚಳಿ ಬೇಕು, ಇಬ್ಬನಿ ಬೇಕು. ಅದನ್ನು ಮುಂಗಾರಿಗೆ ಬಿತ್ತುವ ಮಾತೆತ್ತಿದ ಮಗನಿಗೆ ಮುತ್ಯಾನ ಅಪ್ಪ ಹೇಳಿದ್ದರಂತೆ: “ಹುಟ್ಟದ ಕೂಸಿಗೆ ಬ್ಯಾಸಿಗ್ಯಾಗ ಕುಂಚಿಗಿ ಹೊಲಸ್ತಿಯೇನೋ?” ಮಗ ಅಷ್ಟೇ ಗಂಭೀರವಾಗಿ ಉತ್ತರಿಸಿದ: “ಟೀವಿ ಹೇಳ್ಯಾದ. ಹೊಸಾ ಪದ್ಧತಿ ಬಂದಿರಬೇಕು.”

ಮಹಾಗಾಂವದ ಕಡೆಗಿರುವ ಹೊಲದ ಒಂದು ಪಟ್ಟಿಯಲ್ಲಿ, ದಾರಿಹೋಕರೆಲ್ಲರಿಗೂ ಕಾಣುವಂಥ ಜಾಗದಲ್ಲಿ, ಹೊಸ ಪದ್ಧತಿ ಮೊಳೆಯಿತು. ಮಳೆಗೆ ಸೊಕ್ಕಿ ಬೆಳೆಯಿತು. ಆಮೇಲೆ ಕಪ್ಪು ನೆಲದಲ್ಲಿ ನೀರು ನಿಂತು, ಬೇರು ಕೊಳೆತು, ಹಳದಿಯಾಗಿ ಮಲಗಿತು. ಕೇಳೋಣವೆಂದರೆ ಟೀವಿಯೇ ಇರಲಿಲ್ಲ. ವರ್ಷದ ಕರಾರು ತೀರಿತ್ತು, ಎರವಲು ಕೊಟ್ಟವರು ಉಪಗ್ರಹವನ್ನು ಬೇರೆ ದಿಕ್ಕಿಗೆ ತಿರುಗಿಸಿಕೊಂಡಿದ್ದರು. ತಪ್ಪು ಮಾಡಿ ಊರು ಬಿಟ್ಟವರನ್ನು ನೋಡಿದ್ದೇನೆ. ತಪ್ಪು ಬೆಳಕಿಗೆ ಬರುವ ಮೊದಲೇ ಆಕಾಶದ ಪಾಲನ್ನೇ ಬಿಟ್ಟು ಹೋದ ಆರೋಪಿ ಇದೊಂದೇ.

ಹೆಸರಿಟ್ಟವರು ಗಿರಣಿ ಸಾವ್ಕಾರರು. ಮುತ್ಯಾನ ಓರಗೆಯವರು, ಹಿಟ್ಟಿನ ಗಿರಣಿಯ ಒಡೆಯರು, ಅವನ ಏಕೈಕ ಜೀವದ ಗೆಳೆಯ. ಗಿರಣಿಗೆ ಬಂದವರಿಗೆಲ್ಲ ಹಿಟ್ಟಿನ ಜೊತೆ ಈ ಕಥೆಯನ್ನೂ ಕಟ್ಟಿ ಕಳಿಸಿದರು. ಮುತ್ಯಾನದು ಒಂದೇ ವಾದ: ನಾನು ಮಂಕನಲ್ಲ, ಟೀವಿಯೇ ಹಾಗೆ ಹೇಳಿತು. ಸಾವ್ಕಾರರದೂ ಒಂದೇ ವಾದ: ಟೀವಿಯವರು ಓದಿದವರು, ಹಾಗೆ ಹೇಳಲಾರರು. ಇದರ ಪರಿಣಾಮ ಇಂದಿಗೂ ಉಳಿದಿದೆ. ಈಗಲೂ ಮುತ್ಯಾ ಟೀವಿ ನೋಡುತ್ತಾನೆ, ಮಳೆ ಬರುತ್ತದೆ ಎಂದರೂ, ಬಂಗಾರ ಇಳಿದಿದೆ ಎಂದರೂ ಪರದೆಗೆ ಕೇಳುತ್ತಾನೆ, “ಯಾವ ಊರಾಗ?”

ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ತುಮಕೂರಿನ ಸಹಪಾಠಿಯೊಬ್ಬಳು ನಮ್ಮ ಶೇಂಗಾ ಹಿಂಡಿ ಚಪ್ಪರಿಸಿ, “ಕಡಲೆಕಾಯಿ ಚಟ್ನಿಪುಡಿ ಚೆನ್ನಾಗಿದೆ ಕಣೇ” ಎಂದ ದಿನ ನನ್ನ ತಲೆಯಲ್ಲಿ ಸಿಡಿಲು ಹೊಡೆಯಿತು. ಮುತ್ಯಾನಿಗೆ ಕೂಡಲೇ ಫೋನು ಮಾಡಿದೆ. ಅವನು ಅದನ್ನು ಎರಡು ಸಲ ಹೇಳಿಸಿಕೊಂಡ. ಆಮೇಲೆ, “ಇದನ್ನ ಅಂವಗ ಹೇಳು” ಎಂದ. ಅವನು ಎಂದರೆ ಸಾವ್ಕಾರರು. ಹೇಳಿದೆ.

“ಶೇಂಗಾಕ್ಕ ಕಡ್ಲಿಕಾಯಿ ಅನ್ನೋ ಮಂದಿ ಇರ್ತಾರೇನವ್ವಾ?” ಎಂದರು ಸಾವ್ಕಾರರು. “ನೀ ಅವ್ನ ಮೊಮ್ಮಗಳು. ನಿನ್ನ ಗೆಳತಿ ನಿನ್ನ ಉಪ್ಪು ತಿಂದಾಕಿ. ಬ್ಯಾರೆ ಸಾಕ್ಷಿ ತಾ.”

ಹೀಗೆ ನನ್ನ ಶಿಕ್ಷಣಕ್ಕೊಂದು ಗುರಿ ದೊರಕಿತು. ಅಧಿಕಾರವು ಆಡುವ ಭಾಷೆ, ಅದರ ಬೆಲೆ ತೆರುವ ಜನ, ಈ ಬಗ್ಗೆ ನಾನು ಎಷ್ಟೋ ಪುಟ ಬರೆದು ಅಂಕ ಪಡೆದಿದ್ದೆ. ಈಗ ಒಬ್ಬ ಮನುಷ್ಯನ ಮರ್ಯಾದೆ ಎದುರಿಗಿತ್ತು; ಆ ಮರ್ಯಾದೆಗೆ ವಯಸ್ಸಾಗುತ್ತಿತ್ತು.

ಅವಕಾಶ ಬಂದದ್ದು ಈಚೆಗೆ, ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಮುಗಿದ ಮರುವಾರ. ಟೀವಿ ನಮ್ಮ ಜಿಲ್ಲೆಗೆ ಬಂದು ಐವತ್ತು ವರ್ಷವಾಯಿತೆಂದು ಕಲಬುರಗಿಯ ಕಾಲೇಜೊಂದರಲ್ಲಿ ಸಭೆ. ಆ ವರ್ಷದ ಕಾರ್ಯಕ್ರಮಗಳಲ್ಲಿ ದನಿಯಾಗಿದ್ದ ಹಿರಿಯರೊಬ್ಬರು ಮೈಸೂರಿನಿಂದ ಅತಿಥಿಯಾಗಿ ಬರುತ್ತಾರೆಂದು ತಿಳಿಯಿತು. ಮುತ್ಯಾನನ್ನು ಬಸ್ಸು ಹತ್ತಿಸಿಕೊಂಡು ಬಂದೆ. ಸಾವ್ಕಾರರು ಕರೆಯದೆಯೇ ಹತ್ತಿದ್ದರು. “ಎದುರು ಪಾರ್ಟಿ ಇಲ್ದ ಪಂಚಾಯ್ತಿ ಆಗ್ತದೇನು?” ಎಂಬುದು ಅವರ ಸಮರ್ಥನೆ.

ದಾರಿಯಲ್ಲಿ ಮುತ್ಯಾ ಕೇಳಿದ, “ಏನಂತ ಕೇಳ್ತೀಯವ್ವಾ ಅವ್ರಿಗೆ?”

“ಉತ್ತರದಾಯಿತ್ವ ಯಾರದು ಅಂತ ಕೇಳ್ತೀನಿ ಮುತ್ಯಾ.”

“ಉತ್ತರದ ತಾಯಿ?” ಅವನು ಸಾವ್ಕಾರರ ಕಡೆ ತಿರುಗಿದ. “ಯಾವ ತಾಯೋ ಅಕಿ?”

“ನಿಮ್ಮ ಮನಿತನದಾಗ ಮಾತು ತಿಳಿಯೂದು ಯಾವಾಗಿಂದ ಶುರು ಆತು?” ಎಂದರು ಸಾವ್ಕಾರರು.

ನಾನು ಆ ಕ್ಷಣದಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಸಭೆಯ ಕೊನೆಗೆ ಎದ್ದು ನಿಂತು, ಸಾರ್ವಜನಿಕ ಪ್ರಸಾರದ ಏಕರೂಪಿ ಭಾಷಾನೀತಿಯು ಪ್ರಾದೇಶಿಕ ಕೃಷಿಜ್ಞಾನದ ಮೇಲೆ ಎಸಗಿದ ಅನ್ಯಾಯದ ಉತ್ತರದಾಯಿತ್ವವನ್ನು ಹೊರುವವರು ಯಾರು ಎಂದು ಕೇಳಿದೆ. ಅತಿಥಿಗಳು ಕನ್ನಡಕ ತೆಗೆದು ಒರೆಸಿ, “ಒಳ್ಳೆಯ ಪ್ರಶ್ನೆ” ಎಂದರು. ಅಧ್ಯಕ್ಷರು, ಊಟ ಆರುತ್ತಿದೆ ಎಂದರು. ಎರಡೂ ಸತ್ಯವಾಗಿದ್ದವು.

ಊಟವಾದ ಮೇಲೆ ಆ ಹಿರಿಯರೇ ನಮ್ಮನ್ನು ಹುಡುಕಿಕೊಂಡು ಬಂದರು. ನನ್ನ ಪ್ರಶ್ನೆಗಾಗಿ ಅಲ್ಲ. ಆ ವರ್ಷ ಟೀವಿ ನೋಡಿದವರು ಯಾರಾದರೂ ಇದ್ದಾರೆಯೇ ಎಂದು ವೇದಿಕೆಯಿಂದ ಕೇಳಿದಾಗ ಕೈಯೆತ್ತಿದ್ದು ಮುತ್ಯಾ ಮತ್ತು ಸಾವ್ಕಾರರು ಇಬ್ಬರೇ.

“ನೋಡಿ ಯಜಮಾನ್ರೇ,” ಅವರು ಮುತ್ಯಾನ ಎರಡೂ ಕೈ ಹಿಡಿದುಕೊಂಡರು, “ಎಲ್ಲೋ ಕೋಣೆಯಲ್ಲಿ ಕೂತು ಓದುತ್ತಿದ್ದೆ. ಅದನ್ನು ಕೇಳಿದವರೊಬ್ಬರನ್ನು ಈ ಕಣ್ಣಿನಿಂದ ನೋಡುತ್ತಿರೋದು ಇದೇ ಮೊದಲು. ಹೇಗಿತ್ತು?”

“ಚೊಲೋ ಇತ್ರಿ” ಎಂದ ನನ್ನ ಮುತ್ಯಾ. ಜೀವಮಾನವಿಡೀ ಕಾದ ಫಿರ್ಯಾದುದಾರ, ಆರೋಪಿಯ ಕೈ ಹಿಡಿದು, “ಭಾಳ ಚೊಲೋ ಇತ್ರಿ.”

ನನಗೆ ಮೈ ಉರಿಯಿತು. ನಾನೇ ವಿಚಾರಣೆಗಿಳಿದೆ. ಬೇಸಾಯದ ಮಾತುಗಳನ್ನು ಯಾರು ಬರೆಯುತ್ತಿದ್ದರು? ನಮಗೆ ಗೊತ್ತಿಲ್ಲ, ಬರೆದು ಕೊಟ್ಟದ್ದನ್ನು ಓದುತ್ತಿದ್ದೆವು. ಬರೆದವರಿಗೆ ಯಾರು ಹೇಳುತ್ತಿದ್ದರು? ಇಂಗ್ಲಿಷಿನಲ್ಲಿ ಬರುತ್ತಿತ್ತು, ತರ್ಜುಮೆ ಮಾಡುತ್ತಿದ್ದರು. ಇಂಗ್ಲಿಷಿನಲ್ಲಿ ಕಳಿಸುತ್ತಿದ್ದವರು? ಅವರು ಮೇಲಿನವರು. ಈ ದೇಶದಲ್ಲಿ ತಪ್ಪಿಗೆ ಉದ್ದನೆಯ ಸರಪಳಿಯಿದೆ; ಎಳೆದರೆ ಬರುತ್ತಲೇ ಇರುತ್ತದೆ, ತುದಿಗೆ ಕಟ್ಟಿದ ಎಮ್ಮೆ ಮಾತ್ರ ಸಿಗುವುದಿಲ್ಲ.

ಮುತ್ಯಾ ಮೆಲ್ಲಗೆ ಗಂಟಲು ಸರಿಮಾಡಿಕೊಂಡ. “ಒಂದು ಮಾತು ಕೇಳ್ತೀನ್ರಿ. ಮುಂಗಾರಿಗೆ ಕಡ್ಲಿ ಬಿತ್ರಿ ಅಂತ ಎಂದಾದ್ರೂ ಓದಿದ್ದು ನೆನಪದ ಏನ್ರಿ?”

ಅವರು ಪ್ರಾಮಾಣಿಕವಾಗಿ ಯೋಚಿಸಿದರು. “ಕಡಲೆಯೇ? ಮುಂಗಾರಿಗೆ? ಇಲ್ಲಪ್ಪ. ಹಾಗೆ ಯಾರಾದರೂ ಹೇಳುತ್ತಾರೆಯೇ?”

ಸಾವ್ಕಾರರ ಮುಖ ಗಿರಣಿಯ ಬಲ್ಬಿನಂತೆ ಹೊತ್ತಿಕೊಂಡಿತು. ಮುತ್ಯಾ ತಲೆಯಾಡಿಸಿ ರುಮಾಲಿನ ಅಂಚಿನಿಂದ ಬಾಯಿ ಒರೆಸಿಕೊಂಡ. ನಾನು, “ಸರ್, ಕಡಲೆ ಅಲ್ಲ, ನೀವು ಹೇಳಿದ್ದು—” ಎಂದು ಶುರುಮಾಡುವಷ್ಟರಲ್ಲಿ ಸಾವ್ಕಾರರ ಕೈ ಅಡ್ಡ ಬಂತು.

“ನೀ ಸುಮ್ನಿರವ್ವಾ. ಸಾಕ್ಷಿಗೆ ಹೇಳಿಕೊಡಬ್ಯಾಡ.”

ನಾನು ಮುತ್ಯಾನ ಕಡೆ ನೋಡಿದೆ. ಅವನೂ ಬೇಡವೆಂದು ಸನ್ನೆ ಮಾಡಿದ. “ಖರೇ ಅದವ್ವಾ. ಹೇಳಿಕೊಟ್ಟ ಮ್ಯಾಲ ಅದು ನಿನ್ನ ಮಾತಾಗ್ತದ, ಅವ್ರದಲ್ಲ.” ನ್ಯಾಯಶಾಸ್ತ್ರದ ಒಂದು ಪಾಠವನ್ನು ಇಬ್ಬರೂ ಸೇರಿ ನನ್ನ ಬಾಯಿಗೆ ಬೀಗವಾಗಿ ಹಾಕಿದರು. ಒಂದು ಪದ ಉಸುರಿದರೆ ಮುಗಿಯುತ್ತಿತ್ತು. ಆ ಪದವನ್ನೇ ನಾನು ಉಸುರುವಂತಿರಲಿಲ್ಲ.

ಅತಿಥಿಗಳು ಉಳಿದುಕೊಂಡಿದ್ದ ಲಾಡ್ಜು ದರ್ಗಾ ಇರುವ ರೋಜಾ ಬಡಾವಣೆಯ ಬಳಿ. ದರ್ಗಾ ನೋಡುವ ಆಸೆಯೆಂದರು. ಒಂದೇ ಆಟೋದಲ್ಲಿ ಹೋದೆವು. ಸಾವ್ಕಾರರು ದಾರಿಯುದ್ದಕ್ಕೂ ಗೆದ್ದವರ ಉದಾರತೆಯಿಂದ ಮೈಸೂರಿನ ಹವೆ ವಿಚಾರಿಸಿದರು. ಮುತ್ಯಾ ಹೊರಗೆ ನೋಡುತ್ತ ಕುಳಿತಿದ್ದ. ದರ್ಗಾದಿಂದ ಹೊರಬಂದು, ಹೂವು, ಅಗರಬತ್ತಿಗಳ ಸಾಲು ದಾಟಿ ಬರುವಾಗ ಹಿರಿಯರು ಒಂದು ತಳ್ಳುಗಾಡಿಯ ಮುಂದೆ ನಿಂತರು. ಗಾಡಿಯ ಒಂದು ಬದಿಗೆ ಹುರಿದ ಶೇಂಗಾದ ರಾಶಿ, ಇನ್ನೊಂದು ಬದಿಗೆ ಹೊಲದಿಂದ ಆಗತಾನೇ ಬಂದ ಹಸಿ ಕಡಲೆ ಗಿಡಗಳ ಸಿವುಡು.

“ಸ್ವಲ್ಪ ಕಡಲೆಕಾಯಿ ಕೊಡಮ್ಮ” ಎಂದರು ಅವರು.

ಗಾಡಿಯ ಹೆಂಗಸು ಹಸಿ ಕಡಲೆಯ ಸಿವುಡೊಂದನ್ನು ಎತ್ತಿ, ಮಣ್ಣು ಕೊಡವಿ, ಅವರ ಕೈಗಿಟ್ಟಳು.

“ಇದಲ್ಲಮ್ಮ. ಕಡಲೆಕಾಯಿ.”

“ಇದೇ ಕಡ್ಲಿಕಾಯಿರೀ ಸಾಬ್. ತಾಜಾ ಮಾಲ್ ಅದ.”

“ಇದು ಕಡಲೆ ಗಿಡ. ನಾನು ಕೇಳಿದ್ದು ಕಡಲೆಕಾಯಿ. ಅದೋ, ಅದು.” ಅವರ ಬೆರಳು ಶೇಂಗಾದ ರಾಶಿಯನ್ನು ತೋರಿಸುತ್ತಿತ್ತು.

“ಅದು ಶೇಂಗಾ” ಎಂದಳು ಅವಳು, ಹೆಡ್ಡ ಗಿರಾಕಿಗಳನ್ನು ನಿಭಾಯಿಸುವ ತಾಳ್ಮೆಯಿಂದ. “ಬಾಹರ್ ಗಾಂವದವ್ರೇನ್ರಿ?”

ಸಾವ್ಕಾರರು ಏನನ್ನೂ ಹೇಳಲಿಲ್ಲ. ಅವರನ್ನು ಬಲ್ಲವರಿಗೆ ಅದೊಂದು ಘಟನೆ. ಮುತ್ಯಾ ಮುಂದೆ ಬಂದು ಹಿರಿಯರ ಕೈಯಲ್ಲಿದ್ದ ಹಸಿರು ಸಿವುಡಿನಿಂದ ಒಂದು ಕಾಯಿ ಕಿತ್ತು, ಸುಲಿದು, ಕಾಳನ್ನು ಅವರ ಅಂಗೈಯಲ್ಲಿಟ್ಟ.

“ನೀವು ಅವತ್ತು ಹೇಳಿದ್ದು ಆ ಕಡಲೆಕಾಯಿ ಏನ್ರಿ” ಎಂದು ಶೇಂಗಾ ತೋರಿಸಿದ. “ನಾ ಬಿತ್ತಿದ್ದು ಇದು.”

ಅವರಿಗೆ ಅರ್ಥವಾಗಲು ತುಸು ಸಮಯ ಹಿಡಿಯಿತು. ಕಾಳು ನೋಡಿದರು, ರಾಶಿ ನೋಡಿದರು, ಮುತ್ಯಾನನ್ನು ನೋಡಿದರು. “ಅಯ್ಯೋ ದೇವರೇ” ಎಂದರು ತಗ್ಗಿದ ದನಿಯಲ್ಲಿ. “ಎಷ್ಟು ಬಿತ್ತಿದ್ರಿ?”

“ಒಂದು ಪಟ್ಟಿ. ದಾರಿ ಮಗ್ಗಲಾ.”

“ತಪ್ಪು ನಮ್ಮದೇ ಯಜಮಾನ್ರೇ. ನೀವು ಕೇಳಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಕೇಳುವವರ ಮಾತು ಏನು ಅಂತ ನಾವು ಕೇಳಲೇ ಇಲ್ಲ.”

ಇಷ್ಟು ಸಾಕಾಗಿತ್ತು. ನಾನು ಇಡೀ ಸಭಾಂಗಣದಲ್ಲಿ ಹಿಂಡಲಾಗದ ಮಾತನ್ನು ಒಂದು ತಳ್ಳುಗಾಡಿ ಹಿಂಡಿ ತೆಗೆದಿತ್ತು. ಎರಡೂ ಬಗೆಯ ಕಡಲೆಕಾಯಿಯನ್ನು ಕೊಂಡು, ಹಸಿಯದನ್ನು ಹಿರಿಯರೇ ಮುತ್ಯಾನ ಕೈಗೆ ಕೊಟ್ಟು ನಮಸ್ಕರಿಸಿದರು.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಮುತ್ಯಾ, ಮಡಿಲಲ್ಲಿ ಸಿವುಡು. ನಗರ ದಾಟಿ ತೊಗರಿಯ ಹೊಲಗಳು ಆರಂಭವಾದವು. ಸಾವ್ಕಾರರು ಮೇಲ್ಮನವಿ ಸಲ್ಲಿಸಿದರು.

“ನೋಡು, ಅಂವ ಒಪ್ಪಿದ್ದು ಖರೇ. ಆದ್ರ ಎಲ್ಲಿ ಒಪ್ಪಿದ? ಗಾಡಿ ಮುಂದ. ಯಾರು ಕೇಳಿದ್ರು? ನಾವು, ಮ್ಯಾಲ ಆ ಶೇಂಗಾದಾಕಿ. ಅವತ್ತು ಟೀವಿಯೊಳಗ ಹೇಳಿದ್ದು ಊರೆಲ್ಲಾ ಕೇಳಿತ್ತು. ಟೀವಿಯೊಳಗ ಹೇಳಿದ್ದನ್ನ ಟೀವಿಯೊಳಗೇ ಒಪ್ಪಬೇಕು. ಅಲ್ಲೀತನಕಾ ಹೆಸರು ಬದಲಾಗಂಗಿಲ್ಲ.”

ಸಾವ್ಕಾರರ ಮಾತನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪಿದ್ದು ಅದೇ ಮೊದಲು. ತಪ್ಪಿಗೆ ಉಪಗ್ರಹ, ಕ್ಷಮೆಗೆ ತಳ್ಳುಗಾಡಿ: ಈ ಲೆಕ್ಕ ಸರಿಯಲ್ಲ. ಪ್ರಸಾರವಾದ ಮಾತಿಗೆ ಪ್ರಸಾರವಾಗುವ ಉತ್ತರವೇ ಬೇಕು. ಇದನ್ನು ನಾನು ಮುಂದಿನ ಸಭೆಯಲ್ಲೂ ಎದ್ದು ಕೇಳುವವಳೇ. ಆದರೆ ಈ ಸಲ ಮುತ್ಯಾನಿಗೆ ಅರ್ಥವಾಗುವ ಮಾತಿನಲ್ಲಿ.

ಮುತ್ಯಾ ಒಂದೊಂದೇ ಕಾಯಿ ಸುಲಿದು, ಹಸಿರು ಕಾಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಮಹಾಗಾಂವ ಸಮೀಪಿಸಿದಾಗ, ದಾರಿ ಪಕ್ಕದ ಆ ಪಟ್ಟಿ ಕಾಣುವ ತಿರುವಿನಲ್ಲಿ, ಸಾವ್ಕಾರರು ಅಂಗೈ ಚಾಚಿದರು.

“ಏ ಟೀವಿ, ಒಂದೀಟು ಕಡ್ಲಿಕಾಯಿ ಕೊಡಪಾ ಇತ್ತಾಗ.”

ಮುತ್ಯಾ ಸುಲಿಯುವುದನ್ನು ನಿಲ್ಲಿಸಿ, ಗೆಳೆಯನ ಮುಖವನ್ನು ಸಾವಕಾಶವಾಗಿ ನೋಡಿ ಕೇಳಿದ:

“ಯಾವ ಊರಿಂದು?”