ಪದ್ಮತ್ತೆ ಕಳಿಸಿದ ಮದುವೆಯ ರೀಲು

ತಗಡಿನ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ಮಜ್ಜಿಗೆಯಂಥ ವಾಸನೆ ಮೂಗಿಗೆ ಬಡಿಯಿತು. ಹಳೆಯ ನೆಗೆಟಿವ್‌ಗಳು ಕೆಡುವಾಗ ಹೀಗೆ ಹುಳಿಯುತ್ತವಂತೆ. ಹೋದ ವರ್ಷ ಕೇರಳದಲ್ಲಿ ತೀರಿಕೊಂಡ ನನ್ನ ಪದ್ಮತ್ತೆಯ ಮನೆ ಖಾಲಿ ಮಾಡುವಾಗ ಸಿಕ್ಕಿದ್ದೆಂದು ನೆರೆಯವರು ನನಗೆ ಕಳಿಸಿದ್ದ ಡಬ್ಬಿ ಅದು. ಒಂದು ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೊಳಕಾಲ್ಮೂರಿನ ನಮ್ಮ ಮನೆ, ಹಗಲೆಲ್ಲ ಬಡಿಯುತ್ತಿದ್ದ ಮಗ್ಗದ ಸದ್ದು, ನಡುಮನೆಯ ಚಾಪೆ ಎಲ್ಲ ಒಮ್ಮೆಗೇ ಎದ್ದು ಬಂದವು.

ಪದ್ಮತ್ತೆ ಅಪ್ಪನ ತಂಗಿ, ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿ ಕೊಂಡ ಕ್ಯಾಮೆರಾದಲ್ಲಿ ಕಂಡದ್ದನ್ನೆಲ್ಲ ಹಿಡಿಯುತ್ತಿದ್ದಳು: ಹಾಸ್ಟೆಲಿನ ತಾರಸಿಯ ಮೇಲೆ ಸಾಲಾಗಿ ಒಣಗಿದ ಬಿಳಿ ಬಟ್ಟೆ, ಓಣಂ ದಿನ ಕಾರಿಡಾರಿನಲ್ಲಿ ಹರಡಿದ ಹೂವಿನ ರಂಗೋಲಿ, ರಂಜಾನಿನ ಮೆಹಂದಿ ಕೈಗಳು, ಮಣ್ಣಿನ ಹಣತೆ ಸಿಗದೆ ಸ್ಟೀಲಿನ ಬಟ್ಟಲಲ್ಲಿ ಹಚ್ಚಿದ ದೀಪಾವಳಿಯ ದೀಪ. ರೀಲುಗಳನ್ನು ಮಾತ್ರ ಅಲ್ಲಿ ತೊಳೆಸಿ ಫೋಟೋ ಮಾಡಿಸುತ್ತಿರಲಿಲ್ಲ. ರಜೆಗೆ ಬಂದ ಮಾರನೆಯ ದಿನವೇ ಚಳ್ಳಕೆರೆಯ ಸ್ಟುಡಿಯೋಗೆ ಒಯ್ಯುತ್ತಿದ್ದಳು. ಅಪ್ಪ ಕೇಳಿದರೆ, "ಒಬ್ಳೇ ನೋಡಿದ್ರೆ ಏನ್ ಸುಖ ಐತಣ್ಣಾ? ಎಲ್ಲಾರೂ ಕೂತು ನೋಡಾಣ," ಎನ್ನುತ್ತಿದ್ದಳು. ಚಾಪೆಯ ಮೇಲೆ ನಾವೆಲ್ಲ ಸುತ್ತ ಕೂರುತ್ತಿದ್ದೆವು. ತಾತ ಮಗ್ಗದಿಂದೆದ್ದು, ಕೈ ತೊಳೆದು ಪಂಚೆಗೆ ಒರೆಸಿಕೊಂಡು, ಒಂದೊಂದೇ ಫೋಟೋವನ್ನು ಅಂಚು ಹಿಡಿದು ನೋಡುತ್ತಿದ್ದ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಅತ್ತೆ ನಮ್ಮೂರಿನ ಫೋನ್ ಬೂತಿಗೆ ಫೋನು ಮಾಡಿ, ಜೊತೆಯಲ್ಲಿ ಕೆಲಸ ಮಾಡುವ ಕೇರಳದ ಥಾಮಸ್ ಎಂಬುವವರನ್ನು ಮದುವೆಯಾಗುತ್ತೇನೆ ಎಂದಳು. ತಾತ ರಿಸೀವರನ್ನು ಅಪ್ಪನ ಕೈಗಿಟ್ಟು ಬೂತಿನಿಂದ ಹೊರಗೆ ನಡೆದುಬಿಟ್ಟ. ಆಮೇಲೆ ಅವಳ ಹೆಸರೆತ್ತಲಿಲ್ಲ. ಮದುವೆ ಮಸ್ಕತ್ತಿನಲ್ಲೇ ನಡೆಯಿತು. ಕೆಲವು ತಿಂಗಳಿಗೆ, ಪರಶುರಾಂಪುರಕ್ಕೆ ರಜೆಯಲ್ಲಿ ಬಂದ ಅವಳ ಗೆಳತಿಯೊಬ್ಬಳು ಒಂದು ರೀಲು ತಂದುಕೊಟ್ಟಳು. "ಮದ್ವೇದು. ಎಲ್ರೂ ಕೂತು ನೋಡ್ಬೇಕಂತೆ," ಎಂದಳು. ತಾತ ಮಗ್ಗದಿಂದಲೇ, "ಅದನ್ನ ಯಾರೂ ತೊಳಸ್ಬ್ಯಾಡ್ರಿ," ಎಂದ. ನಾವು ಅವ್ವ ಎಂದೇ ಕರೆಯುತ್ತಿದ್ದ ನಮ್ಮಜ್ಜಿ ಅದನ್ನು ತನ್ನ ಸೀರೆಯ ಟ್ರಂಕಿನಲ್ಲಿಟ್ಟಳು. ಒಂದು ಬೇಸಿಗೆ ಕಳೆಯಿತು, ಇನ್ನೊಂದು ಬಂತು. ಕಾದ ತಗಡಿನೊಳಗೆ ಅತ್ತೆಯ ಮದುವೆ ಕತ್ತಲಲ್ಲೇ ಇತ್ತು.

ಅದೊಂದು ಬೆಳಿಗ್ಗೆ ಅವ್ವ ಸ್ನಾನ ಮಾಡಿ, ರೀಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಬಾರೇ, ಚಳ್ಳಕೆರೆಗೆ ಹೋಗ್ಬರಾಣ," ಎಂದಳು. ದಾರಿಯುದ್ದಕ್ಕೂ ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. ಸ್ಟುಡಿಯೋದವನು, "ಸೆಕೆಗೆ ಕೆಟ್ಟೈತಮ್ಮಾ, ಬಂದಷ್ಟು ಹಾಕಿದೀನಿ," ಎಂದು ಕೊಟ್ಟ ಲಕೋಟೆಯಲ್ಲಿ ಇದ್ದದ್ದು ಏಳೆಂಟೇ ಫೋಟೋ. ಎಲ್ಲವೂ ಕೆಂಪಗೆ, ಧೂಳಿನೊಳಗಿಂದ ನೋಡಿದಂತೆ. ಒಂದರಲ್ಲಿ ಮಾತ್ರ ಅತ್ತೆ ಸ್ಪಷ್ಟವಾಗಿದ್ದಳು. ಕುಳ್ಳಗಿನ, ಕನ್ನಡಕ ಹಾಕಿದ ಥಾಮಸ್ ಪಕ್ಕದಲ್ಲಿ, ಮಸ್ಕತ್ತಿಗೆ ಹೊರಟಾಗ ತಾತ ನೇಯ್ದುಕೊಟ್ಟ ರೇಷ್ಮೆ ಸೀರೆ ಉಟ್ಟು ನಿಂತಿದ್ದಳು. ಅವ್ವ ಅದನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ನೋಡಿದಳು. ಮೊದಲ ಬಸ್ಸು ಹೊರಟುಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಮನೆಗೆ ಬಂದವಳೇ ಮಗ್ಗದ ಮುಂದೆ ನಿಂತು, ನೇಯ್ಗೆಯ ಮೇಲೆ ಆ ಫೋಟೋ ಇಟ್ಟು, "ಚೂಡು," ನೋಡು ಎಂದಳು. ಅವರಿಬ್ಬರ ನಡುವಿನ ಮಾತು ಯಾವಾಗಲೂ ತೆಲುಗಿನಲ್ಲೇ ಶುರುವಾಗಿ ಕನ್ನಡಕ್ಕೆ ಹೊರಳುತ್ತಿತ್ತು. ತಾತ ಸಿಟ್ಟಾಗುತ್ತಾನೆಂದು ನಾನು ಕಂಬ ಹಿಡಿದು ನಿಂತಿದ್ದೆ. ಲಾಳಿ ತಾತನ ಒಂದು ಕೈಯಲ್ಲೇ ಇತ್ತು. ಇನ್ನೊಂದರಿಂದ ಫೋಟೋವನ್ನು ಅಂಚು ಹಿಡಿದೆತ್ತಿ ನೋಡಿದ.

"ನೆರಿಗೆ ಸರಿಯಾಗಿ ಕೂತಿಲ್ಲ. ಉಡ್ಸಾಕೆ ಅಲ್ಲಿ ಯಾರೂ ಇರ್ಲಿಲ್ವೇನೇ?"

"ಯಾರಿರ್ತಾರೆ? ನಾವು ಇಲ್ಲಿದ್ವಲ್ಲ," ಎಂದಳು ಅವ್ವ.

ತಾತ, ಕಾಲು ಇಳಿಬಿಟ್ಟು ಕೂರುತ್ತಿದ್ದ ಮಗ್ಗದ ಗುಂಡಿಯಿಂದ ಎದ್ದ. ಅಂಗಿ ತೊಟ್ಟು ಅಪ್ಪನನ್ನು ಕರೆದುಕೊಂಡು ಫೋನಿನ ಬೂತಿಗೆ ಹೋದ. ಅವನು ಅತ್ತೆಗೆ ಹೇಳಿದ್ದು ಒಂದೇ ಮಾತು ಎಂದು ಅಪ್ಪ ಆಮೇಲೆ ಹೇಳುತ್ತಿದ್ದ: "ಪದ್ಮಾ, ಇಬ್ರೂ ಬಂದು ಹೋಗ್ರಿ."

ಅವರು ಬಂದರು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಮಾವ ಅಳಿಯ ಮಗ್ಗದ ಪಕ್ಕ ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದರು. ಅವ್ವ ದಿನವೂ ಅತ್ತೆಗೆ ತಾನೇ ಸೀರೆ ಉಡಿಸಿದಳು. ನಾವೆಲ್ಲ ಒಂದೇ ಸೂರಿನಡಿ ಇದ್ದದ್ದು ಅದೇ ಕೊನೆ. ಮುಂದಿನ ಚಳಿಗಾಲ ತಾತ ಹೋದ. ಆಮೇಲೆ ಅವ್ವ, ಅಪ್ಪ. ದೂರದಲ್ಲಿ ಥಾಮಸ್ ಮಾವ. ಮಕ್ಕಳಿಲ್ಲದ ಅತ್ತೆ ಕೊನೆಗೆ ಒಬ್ಬಳೇ ಉಳಿದಿದ್ದಳು. ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಹಾಕಿದ್ದಾರೆ. ಆ ಮನೆಯಲ್ಲೀಗ ಬೇರೆಯವರಿದ್ದಾರೆ.

ನೆಗೆಟಿವ್ ಪಟ್ಟಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯುತ್ತೇನೆ. ಯಾರದೋ ಹುಟ್ಟುಹಬ್ಬ, ಯಾರದೋ ಹಬ್ಬದೂಟ. ಇವರ ಹೆಸರು ಬಲ್ಲವರು ಯಾರೂ ಉಳಿದಿಲ್ಲ. ಒಂದರಲ್ಲಿ ನರ್ಸೊಬ್ಬಳು ಕೇಕಿನ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು, ಕ್ಯಾಮೆರಾ ಹಿಡಿದವಳನ್ನೇ ನೋಡಿ ನಗುತ್ತಿದ್ದಾಳೆ. ಅತ್ತೆ ಏನು ಹೇಳಿ ನಗಿಸಿದ್ದಳೋ.