ಬೋರಲು ಬಟ್ಟಲು

ನಮ್ಮ ಪಕ್ಕದ ಮನೆಯ ಊಟದ ಮೇಜಿನ ಮೇಲೆ ಒಂದು ಬಟ್ಟಲು ಸದಾ ಬೋರಲಾಗಿರುತ್ತಿತ್ತು. ಪಿಂಗಾಣಿಯದು, ನೀಲಿ ಅಂಚಿನದು, ಒಂದು ಕಡೆ ಚೂರು ಹಾರಿಹೋಗಿದೆ. ಅದರ ಒಡೆಯ ಊಟಕ್ಕೆ ಬರುವುದು ಸ್ವಲ್ಪ ತಡವಾಗಿತ್ತು, ಸ್ವಾಮಿ, ಒಂದು ಆಯುಷ್ಯದಷ್ಟು.

ಮನೆ ಸಿಂಗಪುರದ ಟೋವಾ ಪಾಯೋ ಬಡಾವಣೆಯ ಸರ್ಕಾರಿ ಫ್ಲಾಟು. ಮನೆಯೊಡತಿ ಬೋಫಾ ಆಂಟಿ, ಕಾಂಬೋಡಿಯಾದವರು. ದೇಶವೇ ಸುಡುಗಾಡಾದ ಕಾಲದಲ್ಲಿ, ಇನ್ನೂ ಹುಡುಗಿಯಾಗಿದ್ದ ಅವರು ಪುಟ್ಟ ತಮ್ಮನ ಕೈ ಹಿಡಿದು ಥಾಯ್ ಗಡಿಯತ್ತ ನಡೆದರು. ನೂಕುನುಗ್ಗಲಿನಲ್ಲಿ ಕೈ ತಪ್ಪಿತು. ನಿರಾಶ್ರಿತರ ಶಿಬಿರ, ಅಲ್ಲಿಂದ ಸಿಂಗಪುರದ ಮೆಕ್ಯಾನಿಕ್ ಒಬ್ಬನೊಡನೆ ಮದುವೆ, ಈಗ ವೈಧವ್ಯ. ಪರದೇಶಕ್ಕೆ ಒಗ್ಗಿಕೊಳ್ಳುವುದೆಂದರೇನೆಂದು ಕೇಳಿದರೆ ನಾನು ಆಂಟಿಯನ್ನೇ ತೋರಿಸುತ್ತೇನೆ: ಹಾಕರ್ ಸೆಂಟರಿನ ಊಟದಂಗಡಿಗಳಲ್ಲಿ ಇಲ್ಲಿನವರಂತೆ ಟಿಶ್ಯೂ ಪೊಟ್ಟಣವಿಟ್ಟು ಕುರ್ಚಿ ಹಿಡಿಯುತ್ತಾರೆ, ಲಿಫ್ಟು ತಡವಾದರೆ ಗೊಣಗುತ್ತಾರೆ. ಒಗ್ಗದೆ ಉಳಿದದ್ದು ತಮ್ಮನಿಗೆಂದು ಇಟ್ಟ ಆ ಬಟ್ಟಲೊಂದೇ.

ಗುರುತಿನವರು ಸಿಕ್ಕರೆ ಅನ್ನ ಉಂಡಿರಾ ಎಂದು ವಿಚಾರಿಸುವುದು ಅವರ ಕಡೆಯ ಮರ್ಯಾದೆ. ಮೈಸೂರಿನವರಾದ ನಮ್ಮದೂ ಅದೇ ತಾನೆ! "ಊಟ ಆಯ್ತಾ?" ಎನ್ನುವುದನ್ನು ಅವರು ಸಲೀಸಾಗಿ ಕಲಿತರು. ವ್ಯತ್ಯಾಸವಿಷ್ಟೇ: ನಾವು ಕೇಳಿ ಲಿಫ್ಟು ಹತ್ತುತ್ತೇವೆ, ಅವರು ಉತ್ತರಕ್ಕಾಗಿ ನಿಲ್ಲುತ್ತಾರೆ.

ಈ ಸಲದ ಮಹಾಲಯ ಅಮಾವಾಸ್ಯೆಗೆ ನಮ್ಮ ಯಜಮಾನರು ಒನ್-ನಾರ್ತ್‌ನ ಆಫೀಸಿಗೆ ರಜೆ ಹಾಕಿ, ಪುರೋಹಿತರನ್ನು ವಿಡಿಯೋ ಕಾಲ್‌ನಲ್ಲಿ ಕೂರಿಸಿ, ಎಳ್ಳು ಬೆರೆಸಿ ಪಿಂಡವಿಟ್ಟರು. ಪಾಸು, ಪರವಾನಗಿಗಳಿಲ್ಲದೆ ಈ ದೇಶಕ್ಕೆ ಬರಬಲ್ಲವರು ಪಿತೃಗಳು ಮಾತ್ರ. ಪಿಂಡವೇನೋ ಕಾಗೆಗೆ ಸಲ್ಲಬೇಕು. ಆದರೆ ಇಲ್ಲಿ ಹಕ್ಕಿಗೆ ಅನ್ನ ಹಾಕುವುದು ಅಪರಾಧ. ಶಾಸ್ತ್ರವೂ ಕೆಡಬಾರದು, ದಂಡವೂ ಬೀಳಬಾರದೆಂದು ಬಾಳೆಲೆಯನ್ನು ಅಡುಗೆಮನೆಯ ಕಿಟಕಿಯ ಒಳಗಡೆ ಇಟ್ಟು ಕಾದೆವು. ಕಾನೂನು ತಿಳಿದ ಕಾಗೆ ಹೊರಗಡೆ ಕೂತು ಕಾಯಿತು.

ಅಷ್ಟರಲ್ಲಿ ಆಂಟಿ ತಟ್ಟೆ ಹಿಡಿದು ಬಂದರು. ಅಯ್ಯೋ ಶಿವನೇ, ಅದರಲ್ಲೂ ಎಳ್ಳು ಕಲಸಿದ ಅನ್ನದ ಉಂಡೆಗಳು! ಅವರ ಊರಿನಲ್ಲೂ ಇದೇ ಪಕ್ಷದಲ್ಲಿ ಹಸಿದ ಪ್ರೇತಗಳು ತಮ್ಮವರು ಅನ್ನವಿಟ್ಟಿದ್ದಾರೆಯೇ ಎಂದು ಗುಡಿಯಿಂದ ಗುಡಿಗೆ ಅಲೆಯುತ್ತವಂತೆ. ಅಪ್ಪನಿಗೊಂದು, ಅಮ್ಮನಿಗೊಂದು ಉಂಡೆ. ತಮ್ಮನಿಗೆ ಮಾತ್ರ ಎಂದೂ ಕಟ್ಟಿದವರಲ್ಲ. ಕಟ್ಟಿದರೆ ತಾವೇ ಕೈಯಾರೆ ಸಾಯಿಸಿದಂತೆ. ಕಟ್ಟದಿದ್ದರೆ, ಅವನು ಸತ್ತಿದ್ದರೆ, ಇಷ್ಟು ವರ್ಷವೂ ಉಪವಾಸ.

ಸತ್ತ ತಿಥಿ ಗೊತ್ತಿಲ್ಲದವರಿಗೂ ಇವತ್ತು ಇಡಬಹುದೆಂದು ಯಜಮಾನರು ಆಂಟಿಗೆ ವಿವರಿಸಿದರು.

"ಡೆಡ್ ಆರ್ ನಾಟ್, ಡೋಂಟ್ ನೋ. ಆಲ್ಸೋ ಕ್ಯಾನ್?" ಎಂದರು ಆಂಟಿ, ಇಲ್ಲಿನವರ ಇಂಗ್ಲಿಷಿನಲ್ಲಿ.

ಯಜಮಾನರು ಫೋನಿನತ್ತ ತಿರುಗಿದರು. ಪುರೋಹಿತರು ಮ್ಯೂಟ್‌ನಲ್ಲಿದ್ದರು.

"ಇದನ್ನೂ ಅವರನ್ನ ಕೇಳ್ಬೇಕೇನ್ರೀ? ಹೂಂ ಅನ್ರೀ ಸುಮ್ನೆ," ಎಂದೆ.

"ಕ್ಯಾನ್, ಆಂಟಿ," ಎಂದರು ಯಜಮಾನರು.

ಆಂಟಿ ಅಮ್ಮನ ಉಂಡೆಯಿಂದ ಒಂದಿಷ್ಟು ಮುರಿದು, ಮಗುವಿನ ಬಾಯಿಗೆ ಹಿಡಿಸುವಷ್ಟು ಪುಟ್ಟ ಉಂಡೆ ಕಟ್ಟಿ, ನಮ್ಮ ಪಿಂಡಗಳ ಪಕ್ಕದಲ್ಲಿಟ್ಟರು. "ಊಟ ಆಯ್ತಾ?" ಎಂದು ಅದನ್ನೇ ಕೇಳಿ, ಎಂದಿನಂತೆ ಉತ್ತರಕ್ಕಾಗಿ ನಿಂತರು. ಕಾಗೆ ಕತ್ತು ಓರೆ ಮಾಡಿ ನೋಡಿತು, ಅಷ್ಟೆ.

ಮರುದಿನ ಮಧ್ಯಾಹ್ನ ಹುಳಿ ಕೊಡಲು ಅವರ ಮನೆಗೆ ಹೋದೆ. ಆ ಬಟ್ಟಲು ಕಪಾಟು ಸೇರಿರುತ್ತದೆಂದುಕೊಂಡಿದ್ದೆ. ಅಲ್ಲೇ ಇತ್ತು; ಆದರೆ ಅಂಗಾತ, ಅದರ ತುಂಬ ಬಿಸಿ ಅನ್ನ.

"ಇಫ್ ನಾಟ್ ಡೆಡ್, ಮಸ್ಟ್ ಈಟ್ ಲಾ," ಎಂದರು ಆಂಟಿ.

ಅದೂ ಸರಿಯೇ. ಆ ಬಟ್ಟಲಿಗೂ ಒಂದು ಸೌಟು ಹುಳಿ ಬಡಿಸಿದೆ.